ದೋಣಿಮನೆಯ ಮುಚ್ಚಿಗೆ

ಕಾಶ್ಮೀರ ಪ್ರವಾಸ ಮುಗಿಸಿ ಬಂದ ನಾವು ದಾಲ್ ಸರೋವರದ ಹೌಸ್‌ಬೋಟಿನ ರತ್ನಗಂಬಳಿಯನ್ನೂ ಕೆತ್ತನೆಯ ಕುರ್ಚಿಗಳನ್ನೂ ಬಣ್ಣಿಸುತ್ತೇವೆಯೇ ಹೊರತು ತಲೆಯ ಮೇಲಿನ ಮರದ ಮುಚ್ಚಿಗೆಯನ್ನಲ್ಲ. ಅದರ ಚರಿತ್ರೆ ಸ್ವಾರಸ್ಯವಾದದ್ದು.

ಝೀಲಂ ನದಿಯ ಹಳೆಯ ‘ಡೂಂಗಾ’ ದೋಣಿಗೆ ಜೊಂಡಿನ ಚಾಪೆಯೇ ಮಾಡು, ಚಾಪೆಯೇ ಗೋಡೆ. ದೋಣಿಕಾರನ ಸಂಸಾರಕ್ಕೆ ಅಷ್ಟು ಸಾಕಿತ್ತು. ಡೋಗ್ರಾ ಅರಸರ ಕಾಲದಲ್ಲಿ ಪರದೇಶೀಯರು ಅಲ್ಲಿ ನೆಲ ಕೊಳ್ಳುವಂತಿರಲಿಲ್ಲವಾಗಿ, ಬೇಸಿಗೆ ಕಳೆಯಲು ಬಂದ ಆಂಗ್ಲರು ನೀರಿನ ಮೇಲೆಯೇ ಬಿಡಾರ ಹೂಡಿದರು. 1880ರ ದಶಕದಿಂದೀಚೆಗೆ ಹಲಗೆಗೋಡೆಯ ದೋಣಿಮನೆಗಳು ಬಂದವು. (ಬಾಡಿಗೆ ಮನೆಗಳಲ್ಲೇ ಆಯುಸ್ಸು ಸವೆಸುವ ನಮಗೆ ಈ ಉಪಾಯ ಹೊಳೆಯಲಿಲ್ಲ!)

ಚಾಪೆಯ ಬದಲು ಒಳಗೆ ಏನು ಹೊದಿಸುವುದು? ಮೊಳೆ ಹೊಡೆದ ಅಗಲ ಹಲಗೆ ಸರೋವರದ ತೇವಕ್ಕೆ ಉಬ್ಬುತ್ತದೆ, ಬುಖಾರಿ ಒಲೆಯ ಶಾಖಕ್ಕೆ ಕುಗ್ಗಿ ಸೀಳುತ್ತದೆ; ಮೊಳೆಗೆ ತುಕ್ಕು ಬೇರೆ. ಶ್ರೀನಗರದ ಬಡಗಿಗಳಿಗೆ ಮಸೀದಿ, ದರ್ಗಾಗಳಲ್ಲಿ ಕೈ ಪಳಗಿದ್ದ ‘ಖತಂಬಂದ್’ ವಿದ್ಯೆ ಇತ್ತು. ಷಟ್ಕೋನ, ಅಷ್ಟಕೋನ, ನಕ್ಷತ್ರಾಕಾರದ ಮರದ ತುಣುಕುಗಳು ತೋಡು ಕೊರೆದ ಪಟ್ಟಿಗಳ ನಡುವೆ ಒಂದನ್ನೊಂದು ಹಿಡಿದು ಕೂರುತ್ತವೆ. ತುಣುಕುಗಳ ಜೋಡಣೆಗೆ ಮೊಳೆ ಬೇಡ. ಹಿಗ್ಗುವುದು ಕುಗ್ಗುವುದು ಸಂದುಗಳಲ್ಲೇ ಹಂಚಿಹೋಗುವುದರಿಂದ ಸೀಳುವ ಭಯ ಕಡಿಮೆ. ಬೇಕಾದರೆ ಬಿಚ್ಚಿ ಇನ್ನೊಂದೆಡೆ ಜೋಡಿಸಲೂಬಹುದು. ಭೌತಶಾಸ್ತ್ರದ ಪುಸ್ತಕ ಓದದ ಬಡಗಿ ಕಂಡುಕೊಂಡ ಪರಿಹಾರವಿದು. ಪ್ಲೈವುಡ್ ಅಗ್ಗವೇನೋ ಸರಿ, ನೀರಿನ ನೆರೆಯಲ್ಲಿ ಅದರ ಪದರ ಬಿಡುತ್ತದೆ.

ಸರೋವರ ಕೆಡುತ್ತಿದೆಯೆಂದು 1980ರ ದಶಕದ ಕೊನೆಯಿಂದ ಹೊಸ ದೋಣಿಮನೆಗಳಿಗೆ ಸರ್ಕಾರದ ಅಡ್ಡಿಯಿದೆ. ಅದು ಅಗತ್ಯವೇ. ಆದರೆ ಹಳೆಯವು ಕೊಳೆತು ಮುಳುಗುತ್ತಿವೆ. ಮುಳುಗುವ ಮುನ್ನ ಯಾರಾದರೂ ಬಿಚ್ಚಿಟ್ಟುಕೊಂಡರೆ ಮುಚ್ಚಿಗೆಯಷ್ಟು ಉಳಿದೀತು.