ಹಳೇ ಹರಗೋಲೋ, ಹಳೇ ದೋಣಿಯೋ?
ಸೆಕೆಂಡ್ ಹ್ಯಾಂಡ್ ಬೈಕಿಗೆ ಮೈಲೇಜ್ ಕೇಳ್ತೀವಿ. ಹಳೇ ಹರಗೋಲಿಗೆ? ಬಿದಿರು ಕೊಳೆತಿದೆಯಾ, ಹೊದಿಕೆ ಸೋರುತ್ತಾ, ಅಷ್ಟೇ. ಹಿಂದೆ ಚರ್ಮ ಹೊದಿಸ್ತಿದ್ರು, ಈಗ ಪ್ಲಾಸ್ಟಿಕ್ಕು, ಡಾಂಬರು. 1520ರ ಸುಮಾರಿಗೆ ತುಂಗಭದ್ರೆಯಲ್ಲಿ ಇವನ್ನು ಕಂಡ ಪೋರ್ಚುಗೀಸ ಡೊಮಿಂಗೊ ಪಾಯೆಸ್, 15-20 ಜನ ಹಿಡಿಸ್ತಾರೆ, ಆದ್ರೆ ನೆಟ್ಟಗೆ ಹೋಗದೆ ತಿರುಗ್ತಾನೇ ಇರುತ್ತವೆ ಅಂತ ಬರೆದಿಟ್ಟ. ಸಣ್ಣದಾದರೆ ಅಂಬಿಗ ಬೆನ್ನ ಮೇಲೆ ಹೊತ್ತು ಮನೆಗೇ ಒಯ್ಯಬಹುದು.

ದೊಡ್ಡ ಕಟ್ಟಿಗೆ ದೋಣಿಗೆ ಆಳದ ನೀರು ಬೇಕು, ಹೆಚ್ಚು ಆಳು ಬೇಕು. ಬೇಸಿಗೆಯ ಕೃಷ್ಣೆಯಲ್ಲಿ ಅದು ಉಸುಕಿಗೆ ಸಿಕ್ಕಿಬೀಳ್ತಿತ್ತು. ಹಾಗಾಗಿ ಹಳೇ ಹೊಳೆಗೆ ನನ್ನ ಓಟು ಹರಗೋಲಿಗೇ.

ಆದರೆ ಆಲಮಟ್ಟಿ ಹಿನ್ನೀರು ಹಳೇ ಕೊಲ್ಹಾರವನ್ನು ಮುಳುಗಿಸಿದ ಮೇಲೆ ಲೆಕ್ಕವೇ ಬೇರೆ. ಹೊಳೆ ಸಮುದ್ರದ ಹಾಗೆ ಹರಡಿದೆ. ಗಾಳಿ ಎದ್ದರೆ ಹರಗೋಲಿನಲ್ಲಿ ದಂಡೆ ಬಿಟ್ಟು ದೂರ ಹೋಗೋದು ಜೀವಕ್ಕೆ ಕುತ್ತು. ಆದರೂ ಮೀನು ಹಿಡಿಯೋರ ಕೈಗೆ ಎಟಕುವ ಬೆಲೆ ಅದರದ್ದೇ. ಉಳಿದವರು ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಬಸ್ಸಲ್ಲಿ ದಾಟ್ತೀವಿ.