ಮನೆಗೆ ಬಂದವರನ್ನು ಕಂಡು ಕಿರುಚುವ ಸಾಕು ಗಿಳಿ: ಕಾರಣ ಮತ್ತು ನಿರ್ವಹಣೆ

ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ರೈತರ ಮನೆಗಳಿಗೆ ಕಬ್ಬು ಕಡಿಯುವ ತಂಡದವರು, ಟ್ರ್ಯಾಕ್ಟರ್ ಚಾಲಕರು ಮೊದಲಾದ ಅಪರಿಚಿತರು ಬಂದುಹೋಗುವುದು ಹೆಚ್ಚುತ್ತದೆ. ಪಡಸಾಲೆಯಲ್ಲಿ ಪಂಜರವಿದ್ದರೆ ಗಿಳಿಯ ಕಿರುಚಾಟವೂ ಅದರೊಡನೆ ಹೆಚ್ಚುತ್ತದೆ. ಇದು ಹಕ್ಕಿಯ ಹಟಮಾರಿತನವಲ್ಲ.

ಗಿಳಿಯು ಹಿಂಡಿನಲ್ಲಿ ಬಾಳುವ ಜೀವಿ. ಗಿಡುಗ ಕಂಡಾಗ ಒಂದು ಹಕ್ಕಿ ಕೂಗಿದರೆ ಹಿಂಡೆಲ್ಲ ಹಾರಿಹೋಗುತ್ತದೆ. ಪಂಜರದ ಹಕ್ಕಿಗೆ ಹಾರಿಹೋಗಲು ದಾರಿಯಿಲ್ಲ; ಕೂಗುವುದೊಂದೇ ಅದಕ್ಕೆ ಉಳಿದಿರುವ ಉಪಾಯ. ಅದು ಕೂಗಿದಾಗ ಮನೆಯವರು ಓಡಿಬಂದು ಮಾತನಾಡಿಸಿದರೆ, ಗದರಿಸಿದರೆ ಅಥವಾ ಬಾಯಿಗೆ ಹಣ್ಣು ಕೊಟ್ಟರೆ, ಕೂಗಿದರೆ ಫಲ ಸಿಗುತ್ತದೆಂದು ಹಕ್ಕಿ ಕಲಿಯುತ್ತದೆ. ಗದರಿಕೆಯೂ ಅದಕ್ಕೆ ಒಂದು ಮಾತುಕತೆಯೇ.

ನಿರ್ವಹಣೆಗೆ ಮುನ್ನ ಹಕ್ಕಿಯ ಜಾತಿಯನ್ನು ಗುರುತಿಸಬೇಕು. ಗೋವಿನಜೋಳ ಹಾಗೂ ಸೂರ್ಯಕಾಂತಿ ಹೊಲಗಳಿಗೆ ಎರಗುವ, ಗಂಡಿನ ಕೊರಳಲ್ಲಿ ಕಪ್ಪು-ಗುಲಾಬಿ ಪಟ್ಟಿಯಿರುವ ನಮ್ಮ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಈ ಹಕ್ಕಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಮರದ ಪೊಟರೆಯಿಂದ ಮಕ್ಕಳು ತಂದ ಮರಿಯಾದರೂ ವಿನಾಯಿತಿಯಿಲ್ಲ. ಹಾಗೆಂದು ಪಂಜರದ ಬಾಗಿಲು ತೆರೆದು ಹೊರಗೆ ಬಿಡಬಾರದು: ಕೈತುತ್ತಿನಲ್ಲಿ ಬೆಳೆದ ಹಕ್ಕಿಗೆ ಆಹಾರ ಹುಡುಕಲೂ ಬಾರದು, ಗಿಡುಗನಿಂದ ತಪ್ಪಿಸಿಕೊಳ್ಳಲೂ ಬಾರದು. ಅದನ್ನು ಸಮೀಪದ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಪ್ಪಿಸಬೇಕು. ಕಾಕಟೀಲ್, ಬಜರಿಗರ್‌ಗಳಂತಹ ವಿದೇಶಿ ಹಕ್ಕಿಗಳನ್ನು ಸಾಕಬಹುದು. ಆದರೆ ಆಫ್ರಿಕಾದ ಬೂದು ಗಿಳಿಯನ್ನು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸುವುದು ಕಡ್ಡಾಯ.

ಸಾಕಲು ಅನುಮತಿಯಿರುವ ಹಕ್ಕಿಯ ಪಂಜರವನ್ನು ತಲಬಾಗಿಲಿಗೆ ಎದುರಾಗಿ ಇಡಬೇಡಿ. ಒಂದು ಬದಿ ಗೋಡೆಗೆ ತಾಗಿರುವಂತೆ, ಎದೆಯೆತ್ತರದಲ್ಲಿ, ಬರುವವರು ದೂರದಿಂದಲೇ ಕಾಣುವ ಮೂಲೆಯಲ್ಲಿ ಇರಿಸಿ. ಹಠಾತ್ತನೆ ಎದುರಾಗುವ ಮುಖವೇ ಹೆಚ್ಚಿನ ಭೀತಿಗೆ ಕಾರಣ. ರಾತ್ರಿ 10ರಿಂದ 12 ಗಂಟೆ ಕತ್ತಲೆ ಮತ್ತು ನಿಶ್ಶಬ್ದ ಬೇಕು. ಟಿವಿ ನಡೆಯುವ ಪಡಸಾಲೆಯಲ್ಲಿ ಇದು ದೊರೆಯದು.

ಅಭ್ಯಾಸಕ್ಕೆ ಪರಿಚಯದ ನೆರೆಯವರೊಬ್ಬರ ನೆರವು ಪಡೆಯಿರಿ. ಅವರು ಹಕ್ಕಿ ಶಾಂತವಾಗಿರುವಷ್ಟು ದೂರದಲ್ಲಿ, ದಿಟ್ಟಿಸಿ ನೋಡದೆ, ಪಕ್ಕಕ್ಕೆ ತಿರುಗಿ ಕುಳಿತಿರಲಿ. ಕ್ಷಣಮಾತ್ರ ಸುಮ್ಮನಾದರೂ ಒಡನೆಯೇ ಒಂದು ಸೂರ್ಯಕಾಂತಿ ಬೀಜ ನೀಡಿ. ಈ ಬೀಜವನ್ನು ಬೇರೆ ವೇಳೆ ಕೊಡಬೇಡಿ. ಕೂಗಿದಾಗ ಯಾರೂ ಮಾತನಾಡದೆ, ಅತ್ತ ನೋಡದೆ ಇರಬೇಕು. ದಿನಕ್ಕೆ ಎರಡು ಬಾರಿ ಹತ್ತು ನಿಮಿಷ ಸಾಕು. ಹಕ್ಕಿ ನಿರಾಳವಾಗಿದ್ದರೆ ಮಾತ್ರ ಮರುದಿನ ಒಂದೆರಡು ಹೆಜ್ಜೆ ಹತ್ತಿರ ಬರಲಿ.

ಮೊದಲ ಕೆಲವು ದಿನ ಕಿರುಚಾಟ ಕಡಿಮೆಯಾಗುವ ಬದಲು ಹೆಚ್ಚಬಹುದು. ಹೆಚ್ಚಿನವರು ಸೋಲುವುದು ಇಲ್ಲಿಯೇ. ಐದನೆಯ ದಿನ ಬೇಸತ್ತು ಅಜ್ಜಿಯೋ ಮಗುವೋ ಒಂದು ತುಂಡು ಪೇರಲ ಕೊಟ್ಟರೆ, ಇನ್ನಷ್ಟು ಹೊತ್ತು ಕೂಗಬೇಕೆಂಬ ಪಾಠ ಹಕ್ಕಿಗೆ ಸಿಗುತ್ತದೆ. ಆದ್ದರಿಂದ ಮನೆಯವರೆಲ್ಲರೂ ಮೊದಲೇ ಒಪ್ಪಿಕೊಂಡು ಆರಂಭಿಸುವುದು ಲೇಸು. ಪಂಜರಕ್ಕೆ ಬಡಿಯುವುದು, ನೀರು ಎರಚುವುದು, ಹಗಲಿನಲ್ಲಿ ಬಟ್ಟೆ ಮುಚ್ಚುವುದು ಭೀತಿಯನ್ನು ಹೆಚ್ಚಿಸುತ್ತವೆ. ಬೆಳಿಗ್ಗೆ ಮತ್ತು ಸಂಜೆಯ ಸಹಜ ಕೂಗನ್ನು ನಿಲ್ಲಿಸಲು ಯತ್ನಿಸಬಾರದು.

ಹಿಂದೆಂದೂ ಕೂಗದ ಹಕ್ಕಿ ಏಕಾಏಕಿ ಕೂಗತೊಡಗಿದರೆ, ಅಥವಾ ಕೂಗುತ್ತಿದ್ದುದು ಪುಕ್ಕ ಉಬ್ಬಿಸಿಕೊಂಡು ಮಂಕಾಗಿ ಕುಳಿತರೆ ಪಶುವೈದ್ಯರಿಗೆ ತೋರಿಸಿ. ಹೊಗೆಯನ್ನು ಹಕ್ಕಿಯ ಶ್ವಾಸಕೋಶ ತಾಳದು. ನಿಪ್ಪಾಣಿ ಭಾಗದಲ್ಲಿ ತಂಬಾಕು ಸಂಗ್ರಹಿಸುವ ಕೋಣೆಯ ಸಮೀಪವೂ ಪಂಜರ ಬೇಡ. ಗಿಳಿಯಿರುವ ಮನೆಯಲ್ಲಿ ಯಾರಿಗಾದರೂ ಜ್ವರ ಹಾಗೂ ಒಣಕೆಮ್ಮು ಬಂದರೆ, ಹಕ್ಕಿಯಿಂದ ಹರಡುವ ಗಿಳಿಜ್ವರದ ಸಾಧ್ಯತೆಯಿರುವುದರಿಂದ ಹಕ್ಕಿ ಸಾಕಿರುವ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.