ಗ್ಯಾಸ್ ತುಂಬಿಡೋದೆಲ್ಲಿ?

ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೊಟ್ಟಿಗೆ ಇರೋ ಮನೆ ಪಕ್ಕ ಗೋಬರ್ ಗ್ಯಾಸ್ ಗುಂಡಿ ಸಾಮಾನ್ಯ. ನಾನು ಕಾಮರ್ಸ್ ಓದಿದವನು. ತಯಾರಿಕೆಗಿಂತ ಗೋಡೌನ್ ಲೆಕ್ಕವೇ ನನಗೆ ಮೊದಲು ಕಾಣ್ತದೆ. ಗ್ಯಾಸಿನ ಇತಿಹಾಸವೂ ಅರ್ಧ ಗೋಡೌನಿನದ್ದೇ.

ಮೊದಲು ಬಂದದ್ದು ಖಾದಿ ಆಯೋಗದ ಮಾದರಿ: ಸ್ಲರಿ ಮೇಲೆ ತೇಲುವ ಕಬ್ಬಿಣದ ಡ್ರಮ್. ಗ್ಯಾಸ್ ತುಂಬಿದರೆ ಏರ್ತದೆ, ಒಲೆ ಹಚ್ಚಿದರೆ ಇಳೀತದೆ. ಮಲೆನಾಡಿನ ಮಳೆಗೆ ಕಬ್ಬಿಣ ತುಕ್ಕು ಹಿಡೀತದೆ. 1984ರಲ್ಲಿ ಬಂದ ದೀನಬಂಧು ಮಾದರಿಯಲ್ಲಿ ಡ್ರಮ್ಮೇ ಇಲ್ಲ, ನೆಲದೊಳಗೆ ಇಟ್ಟಿಗೆ ಗುಮ್ಮಟ. ತುಂಬಿದ ಗ್ಯಾಸ್ ಸ್ಲರಿಯನ್ನು ಹೊರತೊಟ್ಟಿಗೆ ತಳ್ತದೆ. ಒಲೆ ಉರಿದಾಗ ಅದೇ ಸ್ಲರಿ ವಾಪಸ್ ಬಂದು ಗ್ಯಾಸನ್ನು ದೂಡ್ತದೆ. ಸಿರ್ಸಿ ಸೀಮೆಯಲ್ಲಿ ಇದು ಚೆನ್ನಾಗಿ ನೆಲೆಯೂರಿತು.

ಹೈಡ್ರೋಜನ್ನಿನ ಗೋಡೌನ್ ಇನ್ನೂ ಕಷ್ಟ. ಒಂದು ಕೆಜಿಗೆ 11,000 ಲೀಟರಿಗೂ ಹೆಚ್ಚು ಜಾಗ ಬೇಕು. ಪಲ್ಲಾಡಿಯಂ ಲೋಹ ಅದನ್ನು ಹೀರ್ತದೆ ಅಂತ ಥಾಮಸ್ ಗ್ರಹಾಂ 1866ರಲ್ಲೇ ಕಂಡಿದ್ದ. 1997ರಲ್ಲಿ ಕಾರ್ಬನ್ ನ್ಯಾನೋಟ್ಯೂಬ್ ಭಾರೀ ಆಸೆ ಹುಟ್ಟಿಸ್ತು. ಆಮೇಲೆ ಬೇರೆ ಲ್ಯಾಬ್‌ಗಳಿಗೆ ಅಷ್ಟು ಸಿಗಲಿಲ್ಲ. ಕಾರ್ಬನ್ನಿನ ಹಿಡಿತ ಸಡಿಲ, ವಿಪರೀತ ಚಳಿ ಬೇಕು. ಅನೇಕ ಲೋಹಗಳ ಹಿಡಿತ ಬಿಗಿ, ಬಿಡಿಸೋಕೆ ಶಾಖ ಬೇಕು. ನ್ಯಾನೋ ಸಂಶೋಧಕರು ಹುಡುಕ್ತಿರೋದು ಇವೆರಡರ ನಡುವಿನ ಹಿಡಿತ.

ಇದು ಬರೀ ಲ್ಯಾಬಿನ ಮಾತಲ್ಲ. ಗೋಬರ್ ಗ್ಯಾಸಿನ ಮೀಥೇನನ್ನು ಎಲ್‌ಪಿಜಿ ಹಾಗೆ ಬರೀ ಒತ್ತಡದಿಂದ ದ್ರವ ಮಾಡೋಕಾಗಲ್ಲ. ಗುಂಡಿಯ ಗ್ಯಾಸ್ ಅಂಗಳ ದಾಟಲಿಲ್ಲ. ದನ, ಜಾಗ ಇದ್ದವರಿಗೆ ನೀಲಿ ಉರಿ ಸಿಕ್ತು. ಇಲ್ಲದ ಮನೆ ಹೆಂಗಸರಿಗೆ ಕಟ್ಟಿಗೆ ಹೊಗೆ ತಪ್ಪಲಿಲ್ಲ. ನಾಳೆ ಹೈಡ್ರೋಜನ್ ಬಂದಾಗಲೂ ನಾನು ಮೊದಲು ಕೇಳೋದು ಇದನ್ನೇ: ಗೋಡೌನ್ ಯಾರ ಮನೇಲಿ?